ಮಗಳಿಗೊಂದು ಪತ್ರ: ಸೊಂಟ ಹಿಡಿದುಕೊಂಡಾಗ

ಪುಟ್ಟಿ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಖೋ ಖೋ ಆಡುವಾಗ ಸೊಂಟ ಚಳಕ್ ಅಂತು, ಈಗ ಕೆಮ್ಮಿದರೂ ಜೀವ ಹೋಗುತ್ತದೆ ಅಂದೆಯಲ್ಲ, ನಿನ್ನಪ್ಪ ಆಗಲೇ ಕಾರಿನ ಕೀ ಹುಡುಕುತ್ತಿದ್ದರು. ನಾನೇ ತಡೆದೆ. ಫೋನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಪಿ.ಟಿ. ಟೀಚರ್ ಮಗಳಾಗಿದ್ದಕ್ಕೆ ಇಷ್ಟು ಪಾಠ ಕೇಳಲೇಬೇಕು.

ಮೊದಲು ಹೆದರಿಕೆಯ ವಿಷಯ ಮುಗಿಸಿಬಿಡೋಣ. ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಾಗದೇ ಹೋಗಿಬಿಟ್ಟರೆ, ಕೂರುವ ಜಾಗ, ತೊಡೆಸಂದು ಮರಗಟ್ಟಿದರೆ, ಪಾದ ಎತ್ತಿ ಇಡೋಕೆ ಬಲ ಸಾಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡ. ವಾರ್ಡನ್‌ನ ಎಬ್ಬಿಸಿ ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೋಗು. ಬೆನ್ನುಮೂಳೆಯ ಕೆಳಗಿನ ನರಗಳು ಒತ್ತಿಕೊಂಡಿದ್ದರೆ ಹಾಗಾಗುತ್ತದೆ, ತಡ ಮಾಡಿದರೆ ಸರಿಹೋಗದೇ ಉಳಿಯಬಹುದು. ಜ್ವರ ಬಂದರೂ ಡಾಕ್ಟರಿಗೆ ತೋರಿಸಬೇಕು. ಇವ್ಯಾವುದೂ ಇಲ್ಲ ಅಂದಿದ್ದೀಯ, ಒಳ್ಳೆಯದು. ಆದರೂ ದಿನಾ ಒಂದು ಸಲ ಗೋಡೆ ಹಿಡಿದು ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ಇಡು, ತುದಿಗಾಲ ಮೇಲೆ ನಾಲ್ಕು ಹೆಜ್ಜೆ ಇಡು. ಎರಡೂ ಕಾಲಿನ ಬಲ ಒಂದೇ ಸಮ ಇರಬೇಕು.

ಈಗ ಆಗಿದ್ದೇನು ನೋಡು. ಖೋ ಖೋದಲ್ಲಿ ಚೌಕದೊಳಗೆ ಕುಕ್ಕರುಗಾಲಲ್ಲಿ ಕೂತಿರುತ್ತೀಯ, ಸೊಂಟ ಪೂರ್ತಿ ಬಾಗಿರುತ್ತದೆ. ಹಿಂದಿನಿಂದ ತಟ್ಟಿ ‘ಖೋ’ ಅಂದ ಕೂಡಲೇ ಅದೇ ಸೊಂಟ ನೆಟ್ಟಗಾಗಬೇಕು, ತಿರುಗಬೇಕು, ಓಡಬೇಕು. ಕೊನೆಗೆ ಕಂಬ ಹಿಡಿದು ಡೈವ್. ಇನಿಂಗ್ಸ್ ಕೊನೆಯಲ್ಲಿ ಸುಸ್ತಾದಾಗ ಸ್ನಾಯುವಿನ ಎಳೆ ಕಿತ್ತುಕೊಳ್ಳೋಕೆ ಇಷ್ಟು ಸಾಕು. ನಿನಗೆ ಚಳಕ್ ಅಂದಿದ್ದು ಹೆಚ್ಚಾಗಿ ಅದೇ. ಮೈ ಬಿಸಿ ಇತ್ತು, ಆಟ ಮುಗಿಸಿದೆ. ತಣ್ಣಗಾದ ಮೇಲೆ ಸುತ್ತಲಿನ ಸ್ನಾಯುಗಳೆಲ್ಲ ಆ ಜಾಗ ಕಾಯೋಕೆ ಬಿಗಿದುಕೊಂಡವು. ನೀನು ಒಂದು ಕಡೆ ವಾಲಿಕೊಂಡು ನಡೆಯುತ್ತಿರೋದು ಈ ಬಿಗಿತದಿಂದ. ಮೂಳೆ ಜಾರಿದೆ ಅಂತ ನಿನ್ನ ರೂಂಮೇಟ್ ಹೇಳಿದ್ದನ್ನು ತಲೆಗೆ ಹಾಕಿಕೊಳ್ಳಬೇಡ.

ಬೆಳಿಗ್ಗೆಯೇ ಯಾಕೆ ಜಾಸ್ತಿ ಅಂತ ಕೇಳಿದೆ. ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕ್‌ಗಳು, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು, ನೀರು ಹೀರಿಕೊಂಡು ಉಬ್ಬುತ್ತವೆ. ಎದ್ದಾಗ ಎಲ್ಲರೂ ಸಂಜೆಗಿಂತ ಒಂದು ಸೆಂಟಿಮೀಟರ್‌ಗೂ ಸ್ವಲ್ಪ ಹೆಚ್ಚೇ ಎತ್ತರ ಇರುತ್ತೇವೆ. ಆ ಹೊತ್ತಲ್ಲಿ ಬಾಗಿದರೆ ಡಿಸ್ಕ್ ಮೇಲೆ ಒತ್ತಡ ಹೆಚ್ಚು. ಅದಕ್ಕೇ ಎದ್ದ ಮೊದಲ ಒಂದು ಗಂಟೆ ಬಗ್ಗಿ ಕಾಲು ಮುಟ್ಟುವ ಸ್ಟ್ರೆಚಿಂಗ್ ಬೇಡವೇ ಬೇಡ. ಏಳುವಾಗ ನೇರ ಮೇಲಕ್ಕೆ ಏಳಬಾರದು. ಮಂಡಿ ಮಡಚಿ, ಇಡೀ ಮೈ ಒಟ್ಟಿಗೆ ಪಕ್ಕಕ್ಕೆ ಹೊರಳಿ, ಕಾಲು ಮಂಚದಿಂದ ಕೆಳಗೆ ಬಿಟ್ಟು, ಕೈಯೂರಿ ಏಳು. ಬಾತ್‌ರೂಮಿನ ಬಕೆಟ್ ಬಗ್ಗೆ ನನಗೆ ಭಯ. ತುಂಬಿದ ಬಿಸಿನೀರಿನ ಬಕೆಟ್ ಹದಿನೈದು ಕಿಲೋ ಮೇಲಿರುತ್ತದೆ, ಅದನ್ನು ಒಂದೇ ಕೈಯಲ್ಲಿ ಕಾರಿಡಾರ್ ಪೂರ್ತಿ ಎತ್ತಿಕೊಂಡು ಹೋಗುತ್ತೀರಿ. ಅರ್ಧ ಬಕೆಟ್ ಎರಡು ಸಲ ತಗೋ, ಇಲ್ಲವೇ ಯಾರನ್ನಾದರೂ ಕೇಳು.

ರೆಸ್ಟ್ ಅಂತ ಮೂರು ದಿನ ಮಂಚ ಹಿಡಿಯಬೇಡ. ನಾವು ಚಿಕ್ಕವರಿದ್ದಾಗ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು, ಈಗ ಹೇಳುವುದಿಲ್ಲ. ಮಲಗಿದಷ್ಟೂ ಬೆನ್ನು ಇನ್ನೂ ಬಿಗಿಯುತ್ತದೆ. ತೀರಾ ನೋವಿದ್ದಾಗ ಅಂಗಾತ ಮಲಗಿ ಕಾಲನ್ನು ಕುರ್ಚಿ ಮೇಲಿಡು, ಇಪ್ಪತ್ತು ನಿಮಿಷಕ್ಕೆ ಎದ್ದುಬಿಡು. ಗಂಟೆಗೊಮ್ಮೆ ಕಾರಿಡಾರಲ್ಲಿ ಅಡ್ಡಾಡು. ಮೊದಲ ಒಂದೆರಡು ದಿನ ಐಸ್ ಹಿತ ಅನ್ನಿಸಿದರೆ ಬಟ್ಟೆಯಲ್ಲಿ ಸುತ್ತಿ ಇಡು, ಆಮೇಲೆ ಬಿಸಿನೀರಿನ ಚೀಲ. ಯಾರೋ ಕೊಟ್ಟ ನೋವಿನ ಮಾತ್ರೆ ಖಾಲಿ ಹೊಟ್ಟೆಗೆ ನುಂಗಬೇಡ, ನಿನ್ನ ಗ್ಯಾಸ್ಟ್ರಿಕ್ ನನಗೆ ಗೊತ್ತು. ಮಾತ್ರೆ ನುಂಗಿ ಆಡೋಕಂತೂ ಇಳಿಯಲೇಬೇಡ.

ಅಜ್ಜಿ ಫೋನ್ ಮಾಡಿಯೇ ಮಾಡುತ್ತಾರೆ. ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಒದೆಸಿಕೊಂಡರೆ ಉಳುಕು ಬಿಡುತ್ತದಂತೆ, ನಮ್ಮ ಬೀದಿಯಲ್ಲೇ ಅಂಥವರೊಬ್ಬರಿದ್ದಾರಂತೆ. ಅಜ್ಜಿಗೆ ಹೂಂ ಅಂದುಬಿಡು. ಒದೆ ಮಾತ್ರ ತಿನ್ನಬೇಡ, ಬೆನ್ನು ತುಳಿಸಿಕೊಳ್ಳಲೂ ಬೇಡ.

ಎಂಆರ್‌ಐ ಮಾಡಿಸಲಾ ಅಂತ ಕೇಳಿದೆ. ಈಗಲೇ ಬೇಡ. ಏನೂ ನೋವಿಲ್ಲದವರ ಎಂಆರ್‌ಐನಲ್ಲೂ ಡಿಸ್ಕ್ ಉಬ್ಬಿರೋದು ಕಾಣುತ್ತದೆ, ಸುಮ್ನೆ ನಿದ್ದೆಗೆಡುತ್ತೀಯ. ಇಂಥ ನೋವು ಮುಕ್ಕಾಲು ಪಾಲು ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಆದರೆ ಎರಡು ಮೂರು ವಾರವಾದರೂ ಹಾಗೇ ಇದ್ದು, ಹಿಂದಕ್ಕೆ ಬಾಗಿದಾಗ ಒಂದೇ ಕಡೆ ಚುಚ್ಚಿದರೆ ನಾನೇ ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ನಿನ್ನ ವಯಸ್ಸಿನ ಆಟಗಾರರಲ್ಲಿ ಬೆನ್ನುಮೂಳೆ ಹಿಂಬದಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುವುದುಂಟು. ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ವೇಗದ ಬೌಲರ್‌ಗಳಿಗೆ ಇದು ಮಾಮೂಲಿ. ಬುಮ್ರಾಗೆ 2019ರಲ್ಲಿ ಬೆನ್ನಲ್ಲಿ ಬಿರುಕು ಬಂತು, 2022ರ ಟಿ20 ವಿಶ್ವಕಪ್ ಬೆನ್ನಿನಿಂದಾಗಿಯೇ ತಪ್ಪಿತು, 2023ರಲ್ಲಿ ಆಪರೇಷನ್ ಆಗಿ ಆಗಸ್ಟ್‌ನಲ್ಲಿ ವಾಪಸ್ ಬಂದರು. ದೇಶದ ತಂಡವೇ ಒಬ್ಬ ಬೌಲರ್‌ಗೆ ಅಷ್ಟು ತಿಂಗಳು ಕಾಯಿತು, ನಿನ್ನ ಕಾಲೇಜು ತಂಡ ಒಂದು ಟೂರ್ನಿ ಕಾಯಲಾರದಾ?

ಇಂಟರ್‌ಕಾಲೇಜ್ ಟೂರ್ನಿ ಹತ್ತಿರ ಬಂತು ಅನ್ನೋದೇ ನಿನ್ನ ಸಂಕಟ, ಗೊತ್ತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ತಂಡದಲ್ಲಿ ಟಿ. ನರಸೀಪುರದ ಕಡೆಯ ಚೈತ್ರಾ ಇದ್ದರು ಅಂತ ಬೀದಿಗೆಲ್ಲ ಹೇಳಿಕೊಂಡು ಬಂದವಳು ನೀನು. ಅಷ್ಟು ದೂರ ಹೋಗಬೇಕಾದರೆ ಈ ಟೂರ್ನಿ ಬಿಟ್ಟರೂ ಪರವಾಗಿಲ್ಲ. ಕೋಚ್‌ಗೆ ಮುಚ್ಚಿಡದೇ ಹೇಳು. ಮೊದಲು ನಡಿಗೆ, ಆಮೇಲೆ ನಿಧಾನ ಓಟ, ನೋವಿಲ್ಲದೇ ಕುಕ್ಕರುಗಾಲಲ್ಲಿ ಕೂತು ಎದ್ದ ಮೇಲೆ ಚೇಸಿಂಗ್. ಕಂಬದ ಡೈವ್ ಎಲ್ಲಕ್ಕಿಂತ ಕೊನೆಗೆ. ನಡುವೆ ಅಂಬೆಗಾಲಲ್ಲಿ ನಿಂತು ಬಲಗೈ ಎಡಗಾಲು, ಎಡಗೈ ಬಲಗಾಲು ಚಾಚುವ ವ್ಯಾಯಾಮ ಶುರು ಮಾಡು. ಶಾಲೆಯಲ್ಲಿ ಇದನ್ನು ಮಾಡಿಸಿದರೆ ನಗುತ್ತಿದ್ದೆಯಲ್ಲ, ಅದೇ.

ಶನಿವಾರ ಊರಿಗೆ ಬರೋದಾದರೆ ಬಸ್ಸಿನ ಹಿಂದಿನ ಸೀಟಲ್ಲಿ ಕುಲುಕಿಸಿಕೊಂಡು ಬರಬೇಡ. ಮೈಸೂರಿಂದ ಅರಸೀಕೆರೆ ರೈಲು ಹತ್ತು, ನಡುನಡುವೆ ಎದ್ದು ಓಡಾಡಬಹುದು. ಅಪ್ಪ ಸ್ಟೇಷನ್‌ಗೆ ಬರುತ್ತಾರೆ, ಬ್ಯಾಗ್ ಅವರೇ ಎತ್ತಲಿ. ಒಗೆಯೋ ಬಟ್ಟೆಯ ಗಂಟು ಈ ಸಲ ಹಾಸ್ಟೆಲಲ್ಲೇ ಇರಲಿ.

ಅಮ್ಮ