ಬಾಗ್ ಫಿಲ್ಟರ್‌ಗೆ ತಪ್ಪು ಜಲ್ಲಿ ಹಾಕಿ, ತಪ್ಪು ಲೆವೆಲ್‌ನಲ್ಲಿ ಕಟ್ಟಿ, ಈಗ ಯುವಿ ಲೈಟ್ ತಗೊಳ್ಳಿ ಅಂತಿರೋದರ ಬಗ್ಗೆ ದೂರು

ಕಸ್ಟಮರ್ ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ ಸರ್. ಶಿರಸಿ ಬನವಾಸಿ ರೋಡ್ ಕಡೆಯ ನಮ್ಮ ಮನೆ ಹಿತ್ಲಲ್ಲಿ ಮೀನಿನ ಕೊಳ, ಅದಕ್ಕೆ ತಾಗಿ ಬಾಗ್ ಫಿಲ್ಟರ್, ಅಂದ್ರೆ ಜಲ್ಲಿ ತುಂಬಿ ಗಿಡ ನೆಟ್ಟು ಕೊಳದ ನೀರು ಸೋಸೋ ತೊಟ್ಟಿ, ಮಾಡಿಕೊಟ್ಟಿದ್ದು ನಿಮ್ಮ ಕಂಪನಿ. ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು, ಪ್ರತಿ ಸಲ ಹೊಸ ಹುಡುಗ ಲೈನಿಗೆ ಬರ್ತಾನೆ, ಅವನಿಗೆ ಮೊದಲಿಂದ ರಾಮಾಯಣ ಹೇಳ್ಬೇಕು, ಮುಗಿಯೋ ಹೊತ್ತಿಗೆ ಟೆಕ್ನಿಕಲ್ ಟೀಮ್‌ಗೆ ಹೇಳ್ತೀನಿ ಸರ್ ಅಂತ ಕಟ್ ಮಾಡ್ತಾನೆ. ಮಾರ್ಚಲ್ಲಿ ಕೇಳಿದ್ರೆ ಮಾರಿಕಾಂಬಾ ಜಾತ್ರೆ ಮುಗಿಲಿ, ಲೇಬರ್ ಸಿಗಲ್ಲ ಅಂದ್ರಿ. ಜಾತ್ರೆ ಮುಗಿದು ಮಾವಿನ ಹಣ್ಣೂ ಬಂತು. ಅದಕ್ಕೇ ಬರೆದು ಕಳಿಸ್ತಾ ಇದೀನಿ, ನಿಮ್ಮದೇ ಕೊಟೇಶನ್, ಬಿಲ್ಲು, ಫೋಟೋ, ವಿಡಿಯೋ ಎಲ್ಲಾ ಜೊತೆಗಿದೆ.

ಕೊಳದ ನೀರು ಹಸಿರು ಗಂಜಿ ಆಗಿದೆ, ಬೆಳಿಗ್ಗೆ ಹೊತ್ತು ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಇರ್ತಾವೆ. ಇದಕ್ಕೆ ನೀವು ಮೊದಲು ಹೇಳಿದ್ದು ಯುವಿ ಲೈಟ್ ಹಾಕ್ಸಿ, ಆಮೇಲೆ ದೊಡ್ಡ ಪಂಪ್ ಹಾಕ್ಸಿ, ಈಗ ಎಎಂಸಿ ಅಂತ ವರ್ಷದ ಮೇಂಟೆನೆನ್ಸ್ ಕಾಂಟ್ರಾಕ್ಟ್ ತಗೊಳ್ಳಿ, ನೀವು ಮೇಂಟೆನೆನ್ಸ್ ಮಾಡಿಲ್ಲ ಅಂತ. ನನ್ನ ತಕರಾರು ಇಷ್ಟೇ, ನೀವು ಹಾಕಿದ ಜಲ್ಲಿ ತಪ್ಪು, ನೀವು ಇಟ್ಟ ಲೆವೆಲ್ ತಪ್ಪು, ಅವೆರಡು ಸರಿ ಆಗೋ ತನಕ ನನಗೆ ಏನೂ ಮಾರ್ಬೇಡಿ.

ಮೊದಲು ಜಲ್ಲಿ ಮಾತು. ಕೊಟೇಶನ್‌ನಲ್ಲಿ ಬರೆದಿರೋದು ತೊಳೆದ ಹೊಳೆ ಜಲ್ಲಿ, 10 ಎಂಎಂ, ಒಂದು ಅಡಿ ದಪ್ಪ ಅಂತ. ಬಂದಿದ್ದು ಕ್ರಷರ್ ಜಲ್ಲಿ, 20 ಎಂಎಂನದು, 6 ಎಂಎಂನದು ಎಲ್ಲಾ ಕಲಸಿಕೊಂಡು, ಪುಡಿ ಸಮೇತ. ಟಿಪ್ಪರಿಂದ ಇಳಿಸಿದ್ದನ್ನ ಹಾಗೇ ಬುಟ್ಟಿಲಿ ಹೊತ್ತು ಸುರಿದ್ರು. ನಮ್ಮ ಮನೆಯವ್ರು ತೊಳೀಬೇಕಲ್ವಾ ಅಂತ ಕೇಳಿದ್ದಕ್ಕೆ ನಿಮ್ಮ ಸೂಪರ್‌ವೈಸರ್, ನೀರು ಹರಿದ್ರೆ ತಂತಾನೇ ತೊಳೆದು ಹೋಗುತ್ತೆ ಅಕ್ಕಾ ಅಂದಿದ್ದಾರೆ. ಎಲ್ಲಿಗೆ ಹೋಗುತ್ತೆ ಸ್ವಾಮಿ, ಆ ನೀರು ಬೀಳೋದು ಕೊಳಕ್ಕೇ ಅಲ್ವಾ?

ಒಂದು ವಿಡಿಯೋ ಕಳ್ಸಿದೀನಿ, ದಯವಿಟ್ಟು ಪೂರ್ತಿ ನೋಡಿ. ತೊಟ್ಟಿಯಿಂದ ಎರಡು ಹಿಡಿ ಜಲ್ಲಿ ತೆಗೆದು ಗಾಜಿನ ಬಾಟ್ಲಿಗೆ ಹಾಕಿ, ಬಾವಿ ನೀರು ತುಂಬಿ, ಮುಚ್ಚಳ ಹಾಕಿ ಕುಲುಕಿದ್ದು. ನೀರು ಬೂದಿ ಕಲಸಿದ ಹಾಗೆ ಆಯ್ತು, ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದ್ರೆ ಕಲ್ಲಿನ ಮೇಲೆ ಒಂದು ಬೆರಳು ದಪ್ಪ ಪುಡಿ ಕೂತಿದೆ. ಅದರಲ್ಲೇ ಅಲ್ಲೊಂದು ಇಲ್ಲೊಂದು ಕೆಂಪು ಚೂರು ಕಾಣುತ್ತೆ, ಅದು ಚಿರೇಕಲ್ಲು, ಕಾಂಪೌಂಡ್ ಕಟ್ಟಿ ಉಳಿದ ಚೂರನ್ನೂ ತೊಟ್ಟಿಗೇ ತುಂಬಿಸಿದಾರೆ. ನೆಂದ ಚೂರನ್ನ ಹೆಬ್ಬೆರಳಲ್ಲಿ ಒತ್ತಿದ್ರೆ ಕೆಮ್ಮಣ್ಣಾಗಿ ಉದುರುತ್ತೆ. ಘಟ್ಟದ ಮೇಲಿರಲಿ, ಕುಮಟಾ ಹೊನ್ನಾವರದ ಕಡೆ ಇರಲಿ, ಚಿರೇಕಲ್ಲಲ್ಲಿ ಮನೆ ಕಟ್ಟೋ ಊರಿನವ್ರಿಗೆ ಅದರ ಚೂರು ನೀರಲ್ಲಿ ಏನಾಗುತ್ತೆ ಅಂತ ಗೊತ್ತಿರಲ್ವಾ.

ಬಾಗ್ ಫಿಲ್ಟರ್ ಕೆಲಸ ಮಾಡೋದೇ ಕಲ್ಲು ಕಲ್ಲಿನ ನಡುವಿನ ಸಂದಿಲಿ. ಪಂಪ್ ನೀರನ್ನ ತಳದ ತೂತಿನ ಪೈಪಿಗೆ ತಳ್ಳುತ್ತೆ, ಅಲ್ಲಿಂದ ಅದು ಇಡೀ ತೊಟ್ಟಿ ಅಗಲಕ್ಕೆ ನಿಧಾನಕ್ಕೆ ಮೇಲೆ ಏರಬೇಕು, ಏರುವಾಗ ಕಸ ಕೆಳಗೆ ಉಳಿಯುತ್ತೆ, ಕಲ್ಲಿಗೆ ಅಂಟಿರೋ ಬ್ಯಾಕ್ಟೀರಿಯಾ ಮೀನಿನ ಗಲೀಜಿನ ಅಮೋನಿಯಾನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತೆ, ಅದನ್ನ ಗಿಡದ ಬೇರು ಎಳ್ಕೊಳ್ಳುತ್ತೆ. ಇದನ್ನೆಲ್ಲಾ ನಿಮ್ಮ ಸೇಲ್ಸ್‌ನವ್ರೇ ನಮ್ಮ ಜಗಲಿ ಮೇಲೆ ಕೂತು ಚಾ ಕುಡೀತಾ ಚಂದ ವಿವರಿಸಿದ್ರು. ಈಗ ಸಂದಿ ತುಂಬಾ ಪುಡಿ. ನೀರು ಪೈಪ್ ಬರೋ ಮೂಲೆಲಿ ಒಂದೇ ಕಡೆ ಬುಗ್ಗೆ ಥರ ಉಕ್ಕುತ್ತೆ, ಉಳಿದ ಕಡೆ ಸತ್ತ ಜಾಗ. ಆ ಕಡೆ ಮೊಣಕೈ ತನಕ ಕೈ ಹಾಕಿದ್ರೆ ಕಪ್ಪು ಕೆಸರು ಬರುತ್ತೆ, ಕೊಳೆತ ಮೊಟ್ಟೆ ವಾಸನೆ, ಸೋಪು ಹಾಕಿ ತೊಳೆದ್ರೂ ಊಟದ ಹೊತ್ತಿಗೂ ಕೈ ನಾರುತ್ತೆ. ತೋಟದ ಅಂಚಿಂದ ಕಿತ್ತು ತಂದ ಬಜೆ, ಒಂದೆಲಗ ಎರಡನ್ನೂ ತೊಟ್ಟಿಯ ಎರಡೂ ಕಡೆ ನೆಟ್ಟಿದ್ವಿ, ನೀರು ಉಕ್ಕೋ ಮೂಲೆಲಿ ಚಿಗುರಿ ಹಬ್ಬಿದೆ, ಸತ್ತ ಜಾಗದ ಕಡೆದು ಬುಡ ಕೊಳೆತು ಹೋಯ್ತು. ಇನ್ನು ನೀವು ಕೊಟ್ಟ ಗಿಡಗಳು, ಅವನ್ನ ಬೇರು ತೊಳೆದು ನೆಡೋದು ಬಿಟ್ಟು ಕೋಕೋಪೀಟ್ ಕವರ್ ಹರಿದು ಮುದ್ದೆ ಸಮೇತ ಹೂತಿದಾರೆ.

ಲೆವೆಲ್ ಕಥೆ ಇನ್ನೂ ಚಂದ. ತೊಟ್ಟಿಯಿಂದ ಕೊಳಕ್ಕೆ ನೀರು ಬೀಳೋ ಬಾಯಿಗೆ ಒಂದು ಕಲ್ಲು ಚಪ್ಪಡಿ ಇಟ್ಟಿದೀರಲ್ಲ, ಅದು ತೊಟ್ಟಿಯ ನಾಲ್ಕೂ ಕಡೆಯ ಅಂಚಿಗಿಂತ ಕೆಳಗಿರ್ಬೇಕು, ಎರಡು ಇಂಚಾದ್ರೂ. ನಮ್ಮ ಮೇಸ್ತ್ರಿನ ಕರೆಸಿ ಲೆವೆಲ್ ಪೈಪ್ ಹಿಡಿಸಿದೆ, ಚಪ್ಪಡಿಗೂ ಹಿಂದಿನ ಗೋಡೆಗೂ ಅರ್ಧ ಇಂಚೂ ವ್ಯತ್ಯಾಸ ಇಲ್ಲ. ಅಡಿಕೆ ತೋಟಕ್ಕೆ ಬಸಿಗಾಲುವೆ ತೋಡೋ ಆಳಿಗೆ ಇರೋ ಅಂದಾಜು ನಿಮ್ಮ ಎಂಜಿನಿಯರಿಗೆ ಇಲ್ವಲ್ಲ ಅಂತ ಮೇಸ್ತ್ರಿ ನಕ್ಕ. ಜಲ್ಲಿ ಕಟ್ಟಿಕೊಂಡ ಮೇಲೆ ನೀರು ಎರಡೂ ಕಡೆ ಹೋಗುತ್ತೆ, ಒಂದು ಪಾಲು ಕೊಳಕ್ಕೆ, ಒಂದು ಪಾಲು ಹಿಂದಿನ ಗೋಡೆ ಹತ್ತಿ ಲೈನರ್ (ನೀರು ಸೋರದ ಹಾಗೆ ಒಳಗೆ ಹಾಸಿದ ಹಾಳೆ) ಹಿಂದೆ ಮಣ್ಣಿಗೆ. ಪಂಪ್ ಓಡಿದ ರಾತ್ರಿ ಕೊಳ ಎರಡು ಇಂಚು ಇಳಿದಿರುತ್ತೆ. ಇದಕ್ಕೆ ನಿಮ್ಮ ಟೆಕ್ನಿಕಲ್ ಟೀಮ್ ಕೊಟ್ಟ ಉತ್ತರ ಆವಿ ಆಗೋದು ಸರ್, ಬೇಸಿಗೆ ಅಲ್ವಾ ಅಂತ. ರಾತ್ರಿಗೆ ಎರಡು ಇಂಚು ಆವಿ ಆಗೋದಾದ್ರೆ ನಮ್ಮೂರ ದೇವಿಕೆರೆ ಇಷ್ಟೊತ್ತಿಗೆ ಆಟದ ಮೈದಾನ ಆಗಿರ್ತಿತ್ತು. ಪಂಪ್ ಆಫ್ ಮಾಡಿ, ಮೇಲಿನ ನೀರೆಲ್ಲ ಇಳಿದು ನಿಂತ ಮೇಲೆ ಗೋಡೆಗೆ ಗೆರೆ ಎಳೆದು ರಾತ್ರಿ ಬಿಟ್ಟು ನೋಡಿದೀನಿ, ಗೆರೆ ಹತ್ರಾನೇ ಇತ್ತು. ಅಂದ್ರೆ ಕೊಳ ಸೋರ್ತಾ ಇಲ್ಲ, ಸೋರೋದು ನಿಮ್ಮ ಬಾಗ್ ತೊಟ್ಟಿ ಕಡೆ.

ಜಲ್ಲಿನೂ ಸಮ ಹರಡಿಲ್ಲ. ಹಿಂದೆ ಗುಡ್ಡೆ, ಮುಂದೆ ಹೊಂಡ. ಜಲ್ಲಿ ಯಾವಾಗ್ಲೂ ನೀರಿಗಿಂತ ಒಂದು ಇಂಚು ಮೇಲಿರ್ಬೇಕು, ಬಿಸಿಲು ನೀರಿಗೆ ತಾಗಬಾರ್ದು, ಅಲ್ಲಿ ಸೊಳ್ಳೆ ಮೊಟ್ಟೆ ಇಡೋಕೆ ಜಾಗ ಸಿಗಬಾರ್ದು. ನಮ್ಮಲ್ಲಿ ಚಪ್ಪಡಿ ಹತ್ರ ನೀರೇ ಜಲ್ಲಿ ಮೇಲೆ ಎರಡು ಇಂಚು ನಿಂತಿದೆ, ಕೊಳದಲ್ಲಾದ್ರೆ ಮೀನು ತಿನ್ನುತ್ತೆ, ತೊಟ್ಟಿಗೆ ಮೀನು ಹೋಗಲ್ಲ, ಸೊಳ್ಳೆ ಮರಿ ಕುಣೀತಾ ಇರ್ತಾವೆ. ಡೆಂಗ್ಯೂ ಅಂತ ಲಾರ್ವಾ ಸರ್ವೆಗೆ ಬಂದ ಆಶಾ ಕಾರ್ಯಕರ್ತೆ ಹೂಕುಂಡದ ತಟ್ಟೆ ಎಲ್ಲಾ ನೋಡಿ ಏನೂ ಇಲ್ಲ ಅಂದು, ಕೊನೆಗೆ ಇಲ್ಲಿ ಬಂದು ನಿಂತ್ರು. ಲಕ್ಷ ಕೊಟ್ಟು ಸೊಳ್ಳೆ ಸಾಕಿದ ಹಾಗಾಯ್ತು ನನಗೆ.

ಬಿಲ್ಲಲ್ಲಿ ನಾನ್ ರಿಟರ್ನ್ ವಾಲ್ವ್ ಅಂತ ದುಡ್ಡು ಹಿಡಿದಿದೀರಿ. ಎಲ್ಲಿದೆ ಅದು? ಇಲ್ಲಿ ಗಾಳಿ ಬೀಸಿದ್ರೆ ಕರೆಂಟ್ ಹೋಗುತ್ತೆ, ಹೋದ ತಕ್ಷಣ ತೊಟ್ಟಿ ನೀರೆಲ್ಲ ಪಂಪ್ ದಾರಿಲೇ ವಾಪಸ್ ಕೊಳಕ್ಕೆ ಇಳಿಯುತ್ತೆ, ಜಲ್ಲಿ ಒಣಗುತ್ತೆ, ಹುಟ್ಟಿದ ಬ್ಯಾಕ್ಟೀರಿಯಾನೂ ಸಾಯುತ್ತೆ. ಹಾಗೇ ಕೊಟೇಶನ್‌ನಲ್ಲಿ 4 ಇಂಚಿನ ನಿಂತ ಪೈಪ್ ಒಂದು ಕ್ಲೀನ್ ಮಾಡೋಕೆ ಅಂತ ಇತ್ತು, ತಳದ ಕೆಸರನ್ನ ಅದರಿಂದ ಎಳೆದು ತೆಗೀಬಹುದು ಅಂತ. ಅದನ್ನೂ ಹಾಕಿಲ್ಲ. ತಳದ ಪೈಪಿನ ತುದಿಗೆ ಎಂಡ್ ಕ್ಯಾಪ್ ಇಟ್ಟು ಗಮ್ ಹಾಕಿ ಅಂಟಿಸಿ, ಮೇಲೆ ಜಲ್ಲಿ ಸುರಿದಿದೀರಿ. ಮೇಂಟೆನೆನ್ಸ್ ಮಾಡಿಲ್ಲ ಅಂತ ನನ್ನ ತಲೆಗೆ ಕಟ್ತೀರಲ್ಲ, ಮಾಡೋಕೆ ದಾರಿನೇ ಮುಚ್ಚಿ ಹೋಗಿದೀರಿ.

ಇನ್ನು ಯುವಿ ಲೈಟು. ಅದು ನೀರಲ್ಲಿ ತೇಲೋ ಹಸಿರು ಪಾಚಿನ ಸಾಯಿಸುತ್ತೆ, ಒಪ್ಪಿದೆ. ಸತ್ತ ಪಾಚಿ ಹೋಗಿ ಸೇರೋದು ಇದೇ ಕಟ್ಟಿಕೊಂಡ ಜಲ್ಲಿಗೆ. ದೊಡ್ಡ ಪಂಪ್ ಹಾಕಿದ್ರೆ ಹಿಂದಿನ ಗೋಡೆ ಹತ್ತೋ ನೀರು ಇನ್ನೂ ಜಾಸ್ತಿ ಆಗುತ್ತೆ ಅಷ್ಟೇ. ತೊಟ್ಟಿ ಸೈಜ್ ಮಾತ್ರ ಸರಿ ಇದೆ, ಅದನ್ನ ಹೇಳ್ಲೇಬೇಕು, ಕೊಳದ ವಿಸ್ತೀರ್ಣದ ಐದರಲ್ಲಿ ಒಂದು ಪಾಲು ಇದೆ, 10ರಿಂದ 30 ಪರ್ಸೆಂಟ್ ಇದ್ರೆ ಸಾಕು ಅಂತಾರೆ. ಹಾಗಾಗಿ ಕೆಡವಿ ಕಟ್ಟೋದು ಬೇಡ.

ನನಗೆ ಬೇಕಾಗಿದ್ದು, ಈ ಜಲ್ಲಿ ಪೂರ್ತಿ ತೆಗೆದು, ಕೊಟೇಶನ್‌ನಲ್ಲಿ ಹೇಳಿದ 10 ಎಂಎಂ ಹೊಳೆ ಜಲ್ಲಿನೇ, ನನ್ನ ಎದುರಿಗೆ ನೀರು ತಿಳಿ ಬರೋ ತನಕ ತೊಳೆದು ಹಾಕ್ಬೇಕು. ಚಪ್ಪಡಿ ಇಳಿಸಿ ಕೂರಿಸ್ಬೇಕು, ಹಿಂದಿನ ಗೋಡೆ ಮೇಲೆ ಲೈನರ್ ಏರಿಸ್ಬೇಕು. ವಾಲ್ವು, ಕ್ಲೀನಿಂಗ್ ಪೈಪು ಎರಡೂ ಹಾಕ್ಬೇಕು, ದುಡ್ಡು ಆಗಲೇ ಕೊಟ್ಟಿದೀನಿ. ಕೊಳದ ಓವರ್‌ಫ್ಲೋಗೆ ಒಂದಿಂಚಿನ ಪೈಪ್ ಇಟ್ಟಿದೀರಿ, ಜೂನ್ ಜುಲೈಲಿ ಇಲ್ಲಿ ಮಳೆ ಹೊಯ್ಯೋ ರೀತಿಗೆ ಅದು ಯಾವ ಮೂಲೆಗೂ ಸಾಲಲ್ಲ, ಮೂರು ಇಂಚಿಂದು ಹಾಕಿ, ಅದರ ಪೈಪ್ ಖರ್ಚು ಬೇಕಾದ್ರೆ ನಾನೇ ಕೊಡ್ತೀನಿ. ಮತ್ತೆ ಇಡೀ ತೊಟ್ಟಿ ಒಂದೇ ದಿನ ಖಾಲಿ ಮಾಡ್ಬೇಡಿ, ಅರ್ಧ ಈಗ, ಉಳಿದರ್ಧ ಎರಡು ಮೂರು ವಾರ ಬಿಟ್ಟು, ಇಲ್ಲಾಂದ್ರೆ ಇರೋ ಬ್ಯಾಕ್ಟೀರಿಯಾನೂ ಹೋಗಿ ಅಮೋನಿಯಾ ಏರಿ ಮೀನು ಸಾಯ್ತಾವೆ.

ಈ ಪತ್ರ ಸಿಕ್ಕಿ 15 ದಿನದಲ್ಲಿ ಕೆಲಸ ಶುರು ಆಗ್ಬೇಕು. ಆಗದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡ್ತೀನಿ, ಅದಕ್ಕೂ ಜಗ್ಗದಿದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಫೀಸೂ ಇಲ್ಲ, ಆನ್‌ಲೈನಲ್ಲೂ ಹಾಕ್ಬಹುದು, ಬೇಕಾದ್ರೆ ದೇವಿಮನೆ ಘಾಟಿ ಇಳಿದು ಹೋಗೋಕೂ ನಾನು ರೆಡಿ.

ಬರುವಾಗ ಲೆವೆಲ್ ಪೈಪ್ ಹಿಡ್ಕೊಂಡು ಬರೋ ಒಬ್ಬರನ್ನ ಕಳ್ಸಿ, ಟ್ಯಾಬ್ಲೆಟ್ ಹಿಡ್ಕೊಂಡು ಬ್ರೋಷರ್ ತೋರಿಸೋರು ಬೇಡ. ಟಿಪ್ಪರ್ ಗೇಟಿನ ತನಕ ಮಾತ್ರ ಬರುತ್ತೆ, ಅಲ್ಲಿಂದ ಹೊರೋಕೆ ಆಳು ನಿಮ್ಮದೇ. ತೆಗೆದ ಜಲ್ಲಿನ ಕಳೆದ ಸಲದ ಸಿಮೆಂಟ್ ಚೀಲದ ಥರ ಬೇಲಿ ಸಂದಿಗೆ ಎಸೆದು ಹೋಗ್ಬೇಡಿ, ಅದೇ ಟಿಪ್ಪರಲ್ಲಿ ವಾಪಸ್ ತಗೊಂಡು ಹೋಗಿ.

ಇಂತಿ,
ನಿಮ್ಮ ಗ್ರಾಹಕ, ಶಿರಸಿ