ಆಮೆಗೆ ಮಣ್ಣೇ ಹಾಸಿಗೆ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನಮ್ಮ ಮನೆಯಲ್ಲಿ ಹರ್ಮನ್ ಎಂಬ ಜಾತಿಯ ಒಂದು ನೆಲದಾಮೆ ಇದೆ, ಕಾನೂನಿನ ಕಾಗದಪತ್ರ ಸಮೇತ. ತಂದ ದಿನ ಅಂಗಡಿಯವರು ಪೆಟ್ಟಿಗೆಗೆ ಹಾಸಲು ಸೀಡರ್ ಮರದ ಹೊಟ್ಟು ಕೊಟ್ಟರು. ಘಮಘಮ ಅಂತಿತ್ತು. ವಾರದೊಳಗೆ ಆಮೆಯ ಮೂಗಿನಲ್ಲಿ ಸಿಂಬಳದ ಗುಳ್ಳೆ, ಕಣ್ಣು ಅರ್ಧ ಮುಚ್ಚಿತ್ತು. ವೈದ್ಯರು ಮೊದಲು ಕೇಳಿದ್ದೇ ಹಾಸಿಗೆ ಏನು ಅಂತ. ಆ ವಾಸನೆಯ ಎಣ್ಣೆಯೇ ಆಮೆಗೆ ವಿಷ ಎಂದರು. ನನಗೆ ಅಳುವೇ ಬಂತು.

ಬರೀ ಮರಳೂ ಬೇಡ. ಸೊಪ್ಪಿಗೆ ಅಂಟಿ ಹೊಟ್ಟೆಗೆ ಹೋಗಿ ಕರುಳು ಕಟ್ಟಬಹುದು. ಈಗ ನಾನು ಗೊಬ್ಬರ, ಔಷಧಿ ಏನೂ ಸೇರದ ತೋಟದ ಮಣ್ಣು ಎರಡು ಪಾಲು, ತೊಳೆದ ಮರಳು ಒಂದು ಪಾಲು ಕಲಸಿ, ಗೇಣು ದಪ್ಪಕ್ಕೆ ಹಾಸುತ್ತೇನೆ. ಮೂಲೆಯಲ್ಲಿ ನೀರು ಸುರಿದರೆ ತಳ ತೇವವಾಗುತ್ತದೆ, ಮೇಲೆ ಒಣಗಿಯೇ ಇರುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಮರಿಗಳಿಗಂತೂ ಈ ತೇವ ಬೇಕೇ ಬೇಕು. ಜಾಸ್ತಿ ಒಣಗಿದ ಕಡೆ ಬೆಳೆದರೆ ಚಿಪ್ಪು ಗುಡ್ಡಗುಡ್ಡವಾಗುತ್ತದೆ. ಸಂಜೆ ನಮ್ಮ ಆಮೆ ಮುಂಗಾಲಲ್ಲಿ ಮಣ್ಣು ಬಗೆದು ಒಳಗೆ ಸೇರಿಕೊಳ್ಳುತ್ತದೆ. ಚಿಪ್ಪಿನ ತುದಿ ಮಾತ್ರ ಕಾಣುತ್ತದೆ.

ಇದನ್ನು ಓದಿ ಊರಿನಲ್ಲಿ ಯಾರೂ ನಕ್ಷತ್ರ ಆಮೆ ತರಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಸಾಕುವುದು ಅಪರಾಧ. ಅದೃಷ್ಟ ಬರುತ್ತದೆ ಅಂತ ಸುಮ್ನೆ ಬಕೆಟ್ಟಿನಲ್ಲಿ ಇಟ್ಟುಕೊಂಡವರು ಇದ್ದಾರೆ. ದಯವಿಟ್ಟು ಅರಣ್ಯ ಇಲಾಖೆಗೆ ಒಪ್ಪಿಸಿ.

– ನಿಮ್ಮ ಓದುಗ, ಲೆಸ್ಟರ್