ಚಿಟ್ಟೆ ನೋಡಲು ಹೋಗಲಿ, ಆದರೆ ಬೆಳಗ್ಗೆ ಹೋಗಲಿ

ಮಾನ್ಯ ಸಂಪಾದಕರೇ,

ಪ್ರಾಥಮಿಕ ಶಾಲೆ ಮಕ್ಕಳನ್ನು ಚಿಟ್ಟೆ ಪಾರ್ಕಿಗೆ ಕರೆದುಕೊಂಡು ಹೋಗುವುದು ದಂಡದ ಖರ್ಚು, ಮಲೆನಾಡಿನ ಮಕ್ಕಳಿಗೆ ಹಿತ್ತಲಲ್ಲೇ ಬೇಕಾದಷ್ಟು ಚಿಟ್ಟೆ ಇವೆ ಎಂದು ಓದುಗರೊಬ್ಬರು ಈಚೆಗೆ ನಿಮ್ಮ ಪತ್ರಿಕೆಗೆ ಬರೆದಿದ್ದರು. ನಾನು ತೀರ್ಥಹಳ್ಳಿಯಲ್ಲಿ ಮಿನಿ ಬಸ್ ಓಡಿಸುವವನು. ವರ್ಷಾ ವರ್ಷ ಶಾಲಾ ಪ್ರವಾಸದ ಬಾಡಿಗೆ ಮಾಡುತ್ತೇನೆ. ಇವನು ಹೊಟ್ಟೆಪಾಡಿಗೆ ಬರೆದಿದ್ದಾನೆ ಎಂದು ಯಾರಾದರೂ ಅಂದುಕೊಂಡರೆ ನನಗೆ ಬೇಜಾರಿಲ್ಲ. ಆದರೆ ಆ ಓದುಗರ ಮಾತು ಅರ್ಧ ಮಾತ್ರ ಸರಿ.

ಹಿತ್ತಲಲ್ಲಿ ಚಿಟ್ಟೆ ಇವೆ, ಹೌದು. ಮಗುವಿಗೆ ಕಾಣುವುದು ಹಾರಿಹೋಗುವ ಚಿಟ್ಟೆ ಮಾತ್ರ. ಮೊಟ್ಟೆ ಯಾವ ಎಲೆಯ ಅಡಿಗಿದೆ, ಕೋಶ ಎಲ್ಲಿ ನೇತಾಡುತ್ತಿದೆ ಎಂದು ತೋರಿಸುವವರು ಮನೆಯಲ್ಲಿ ಯಾರಿದ್ದಾರೆ? ಎಲೆ ಮೇಲೆ ಹುಳ ಕಂಡರೆ ನಾವು ಮೊದಲು ಹುಡುಕುವುದು ಚಪ್ಪಲಿ. ಕಂಬಳಿಹುಳ ತಾಗಿ ಮೈಯೆಲ್ಲ ದದ್ದು ಎದ್ದವರಿಗೆ ಆ ಹೆದರಿಕೆ ಇರುವುದೇ. ಆದರೆ ಹಾಗೆ ತುರಿಸುವ ಹುಳಗಳು ಹೆಚ್ಚಿನವು ಪತಂಗದ ಮರಿಗಳಂತೆ, ಚಿಟ್ಟೆಯವಲ್ಲ. ಇಷ್ಟು ವಯಸ್ಸಾದರೂ ನನಗೆ ಇದು ಗೊತ್ತಾಗಿದ್ದು ಘಟ್ಟದ ಕೆಳಗಿನ ಒಂದು ಪಾರ್ಕಿನಲ್ಲಿ, ಮಕ್ಕಳ ಹಿಂದೆ ನಿಂತು ಕೇಳಿಸಿಕೊಂಡಾಗ.

ಅಲ್ಲಿನ ಹುಡುಗ ಒಂದು ನಿಂಬೆ ಗಿಡದ ಹತ್ತಿರ ಎಲ್ಲರನ್ನೂ ಕೂರಿಸಿದ. ಎಲೆಯ ಮೇಲೆ ಕಂದು, ಬಿಳಿ ಬಣ್ಣದ ಏನೋ ಒಂದು. ಹಕ್ಕಿ ಹಿಕ್ಕೆ ಅಂದುಕೊಂಡು ಮಕ್ಕಳು ಥೂ ಅಂದರು. ನೋಡಿದರೆ ಅದೇ ಹುಳ. ಹಕ್ಕಿಗಳು ತಿನ್ನದಿರಲಿ ಅಂತ ಆ ವೇಷ. ಪಕ್ಕದ ಎಲೆಯಲ್ಲಿ ಅದೇ ಜಾತಿಯ ಬೆಳೆದ ಹುಳ ಇತ್ತು, ಪೂರ್ತಿ ಹಸಿರು. ಅವನು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದ. ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಚಕ್ಕನೆ ಹೊರಗೆ ಬಂತು. ಜೊತೆಗೆ ಘಾಟು ವಾಸನೆ. ಮಕ್ಕಳು ಕಿರುಚಿ ಹಿಂದೆ ಸರಿದರು. ಮರುಗಳಿಗೆ ಎಲ್ಲರದೂ ಒಂದೇ ಗಲಾಟೆ, ‘ಇನ್ನೊಂದ್ಸಲ, ಇನ್ನೊಂದ್ಸಲ!’ ಘಾಟಿ ತಿರುವಿನಲ್ಲಿ ವಾಂತಿ ಬಾರದಿರಲಿ ಅಂತ ಅವರೆಲ್ಲ ಮೂಸುತ್ತಾ ಬಂದಿದ್ದೂ ನಿಂಬೆಹಣ್ಣನ್ನೇ. ಅದರ ಗಿಡದಲ್ಲಿ ಇಷ್ಟೆಲ್ಲ ನಡೆಯುತ್ತದೆ ಅಂತ ಯಾರಿಗೆ ಗೊತ್ತಿತ್ತು? ನಮ್ಮನೆ ಕರಿಬೇವಿನ ಗಿಡದಲ್ಲೂ ಇಂಥ ಹುಳ ಇರುತ್ತದೆ ಅಂತ ಆಮೇಲೆ ತಿಳಿಯಿತು.

ಇದನ್ನು ದಂಡದ ಖರ್ಚು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಎಡವಟ್ಟಾಗುವುದು ಪ್ರವಾಸದ ಪಟ್ಟಿ ಹಾಕುವಾಗ.

ಬನ್ನೇರುಘಟ್ಟದ ಚಿಟ್ಟೆ ಪಾರ್ಕ್ 2006ರಲ್ಲಿ ಶುರುವಾಗಿದ್ದು, ದೇಶದಲ್ಲೇ ಮೊದಲನೆಯದು. ನೋಡಬೇಕಾದ ಜಾಗವೇ. ಆದರೆ ಶಿವಮೊಗ್ಗದಿಂದ ಬೆಂಗಳೂರೇ 300 ಕಿ.ಮೀ. ರಾತ್ರಿ ಊಟ ಮಾಡಿಸಿ ಹತ್ತಿಸಿಕೊಂಡು ಹೊರಟರೆ ಮಕ್ಕಳಿಗೆ ನಿದ್ದೆಯಿಲ್ಲ. ಬೆಳಗ್ಗೆ ಎಲ್ಲೋ ಮುಖ ತೊಳೆಸಿ, ಉಪ್ಪಿಟ್ಟು ತಿನ್ನಿಸಿ, ಮೊದಲು ಸಫಾರಿ, ಆಮೇಲೆ ಮೃಗಾಲಯ. (ಹುಲಿ, ಸಿಂಹ ನಮ್ಮ ಶಿವಮೊಗ್ಗ ಹತ್ತಿರದ ತ್ಯಾವರೆಕೊಪ್ಪದಲ್ಲೇ ಇವೆಯಲ್ಲ ಸಾರ್ ಅಂದರೆ ಮೇಷ್ಟ್ರು ನಗುತ್ತಾರೆ.) ಕ್ಯೂ ನಿಂತು ನಿಂತು ಸುಸ್ತಾದ ಎರಡನೇ ಕ್ಲಾಸಿನ ಮಕ್ಕಳನ್ನು ಚಿಟ್ಟೆ ಕಡೆ ಬಿಡುವುದು ಮಧ್ಯಾಹ್ನ ಮೂರೂವರೆ ಮೇಲೆ. ಸೀಟಿ ಊದಿ ಸಾಲಿನಲ್ಲಿ ಒಳಗೆ, ಸಾಲಿನಲ್ಲೇ ಹೊರಗೆ. ಒಬ್ಬ ಹುಡುಗ ವಾಪಸ್ ಬರುವಾಗ ಕೇಳಿದ, ‘ಡ್ರೈವರ್ ಮಾಮ, ಹುಳ ಎಲ್ಲಿಟ್ಟಿದ್ರು?’ ಪುಸ್ತಕದಲ್ಲಿ ಓದಿ, ಅದನ್ನೇ ನೋಡಬೇಕು ಅಂತ ಬಂದಿದ್ದ ಪಾಪ. ಇನ್ನೊಂದು ಶಾಲೆಯವರು ಹೋಗಿದ್ದು ಮಂಗಳವಾರ. ಅವತ್ತು ಅಲ್ಲಿ ವಾರದ ರಜೆ.

ಚಿಟ್ಟೆ ಬಿಸಿಲು ಕಾಯಿಸಿ ಮೈ ಬಿಸಿ ಮಾಡಿಕೊಂಡೇ ಹಾರಬೇಕು. ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಅವುಗಳ ಓಡಾಟ ಜೋರು. ಮೋಡ ಮುಚ್ಚಿದರೆ, ಹೊತ್ತು ಇಳಿದರೆ ಎಲೆಯ ಅಡಿ ಸೇರಿಕೊಳ್ಳುತ್ತವೆ. ನಾಲ್ಕು ಗಂಟೆಗೆ ಹೋಗಿ ಚಿಟ್ಟೆ ಕಾಣಲಿಲ್ಲ ಅಂದರೆ ಚಿಟ್ಟೆಯ ತಪ್ಪಾ? ತಿಂಗಳೂ ಅಷ್ಟೇ. ನಮ್ಮಲ್ಲಿ ಪ್ರವಾಸ ಅಂದರೆ ಡಿಸೆಂಬರ್, ಜನವರಿ. ಮಳೆ ಬಿಟ್ಟು ಗಿಡಗಳು ಚಿಗುರಿರುವ ಅಕ್ಟೋಬರ್, ನವೆಂಬರ್‌ನಲ್ಲೇ ಹೋದರೆ ಒಳ್ಳೆಯದು. ಹುಳಕ್ಕೆ ಎಳೆ ಎಲೆ ಬೇಕಲ್ವಾ?

ಒಂದರಿಂದ ನಾಲ್ಕನೇ ತರಗತಿಯವರಿಗೆ ಬೆಂಗಳೂರೇ ಆಗಬೇಕೆಂದೂ ಇಲ್ಲ. ಆಗುಂಬೆ ಇಳಿದು ಕಾರ್ಕಳ ದಾಟಿದರೆ, ಮೂಡುಬಿದಿರೆ ರಸ್ತೆಯ ಬೆಳುವಾಯಿಯಲ್ಲಿ ಚಿಟ್ಟೆ ಪಾರ್ಕ್ ಇದೆ. ಅಲ್ಲಿ ಬಲೆಯಿಲ್ಲ, ಗುಮ್ಮಟವಿಲ್ಲ. ಬೇಕಾದ ಗಿಡಗಳನ್ನು ಬೆಳೆಸಿದ್ದಾರೆ, ಚಿಟ್ಟೆಗಳು ತಾವಾಗಿ ಬರುತ್ತವೆ. ಯಾವ ದಿನ ತೆರೆದಿರುತ್ತದೆ ಎಂದು ಮೊದಲೇ ಕೇಳಿಕೊಳ್ಳಬೇಕು ಅಷ್ಟೆ. ತೀರ್ಥಹಳ್ಳಿಯಿಂದ ಬೆಳಗ್ಗೆ ಐದೂವರೆಗೆ ಬಿಟ್ಟರೆ ದಾರಿಯಲ್ಲಿ ತಿಂಡಿ ಮಾಡಿಕೊಂಡೇ ಒಂಬತ್ತಕ್ಕೆ ತಲುಪಬಹುದು, ರಾತ್ರಿ ಊಟಕ್ಕೆ ಎಲ್ಲರೂ ಅವರವರ ಮನೆಯಲ್ಲಿ.

ಹೋಗುವ ಮೊದಲು ಕ್ಲಾಸಿನಲ್ಲಿ ಒಂದು ಮಾತು ಹೇಳಿರಲಿ. ರಾಜ್ಯ ಪಕ್ಷಿ ನೀಲಕಂಠ ಅಂತ ಮಕ್ಕಳಿಗೆ ಬಾಯಿಪಾಠ. ರಾಜ್ಯ ಚಿಟ್ಟೆ ಯಾವುದು ಅಂದರೆ ದೊಡ್ಡವರೇ ಮುಖ ಮುಖ ನೋಡುತ್ತಾರೆ. ಅದು ಸದರ್ನ್ ಬರ್ಡ್‌ವಿಂಗ್. ಕಪ್ಪು, ಹಳದಿ ಬಣ್ಣ, ರೆಕ್ಕೆ ಬಿಚ್ಚಿದರೆ ನಮ್ಮ ಅಂಗೈಗಿಂತ ಅಗಲ. ಅದರ ಹುಳ ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಗಿಡಗಳನ್ನು. ಬೇಲಿ ಸವರುವಾಗ ನಾವು ಸುಮ್ನೆ ಕೊಚ್ಚಿ ಎಸೆಯುವ ಬಳ್ಳಿ ಅದು.

ದಸರಾ ರಜೆಗೆ ಮೊದಲೇ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಮೇಷ್ಟ್ರು, ಟೀಚರ್‌ಗಳು, ಎಸ್‌ಡಿಎಂಸಿಯವರು ಪಟ್ಟಿ ಹಾಕುವಾಗ ಚಿಟ್ಟೆಯನ್ನು ಮೊದಲಿಗೆ ಹಾಕಿ, ಸಾಧ್ಯವಾದರೆ ಅದೊಂದನ್ನೇ ಹಾಕಿ. ಸಣ್ಣ ಸಣ್ಣ ಗುಂಪು ಮಾಡಿ ಒಂದೊಂದು ಗಿಡದ ಹತ್ತಿರ ಕೂರಿಸಿ. ಸೀಟಿ ಗಾಡಿಯಲ್ಲೇ ಇರಲಿ. ದೂರ ಕಡಿಮೆಯಾದರೆ ನಮಗೆ ಬಾಡಿಗೆಯೂ ಕಡಿಮೆ, ನಿಜ. ಆದರೆ ಗಾಡಿ ತುಂಬ ಮಕ್ಕಳನ್ನು ಕೂರಿಸಿಕೊಂಡು ರಾತ್ರಿಯಿಡೀ ಓಡಿಸುವುದು ಯಾವ ಡ್ರೈವರಿಗೂ ಇಷ್ಟವಿಲ್ಲ.

ಇಂತಿ,
ಒಬ್ಬ ಮಿನಿ ಬಸ್ ಚಾಲಕ
ತೀರ್ಥಹಳ್ಳಿ